ಇಳಿಯುವಾಗ ಬಾಯಿಗೆ ಬೆಲ್ಲ

ಚಳ್ಳಕೆರೆಯ ಆ ಷೋರೂಮಿಗೆ ನಾನು ಮೊದಲ ಸಲ ಹೋದಾಗ ಕುರ್ಚಿ ಹಾಕಿ, ಟೀ ತರಿಸಿ ಕೊಟ್ಟಿದ್ದರು. ಎರಡನೆಯ ಸಲ ಟೀ ಬರಲಿಲ್ಲ, ಕುರ್ಚಿ ಇತ್ತು. ಐದನೆಯ ಸಲ ಹೋದಾಗ ಅಲ್ಲಿನ ಸೇಲ್ಸ್‌ನವನು ಬಾಗಿಲಲ್ಲೇ ನಿಂತು, "ಟೇಪ್ ತಂದೀರೇನ್ ಸಾರ್?" ಅಂದ. ತಂದಿದ್ದೆ. ಅಂಗಿಯ ಜೇಬಿನಲ್ಲೇ ಇತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಅಳತೆ ಮಾಡಿದರೆ ಎಲ್ಲದಕ್ಕೂ ಉತ್ತರ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೇ ಅದು ಅಂಟಿಕೊಂಡುಬಿಟ್ಟಿದೆ. ಅಂಗಳದಲ್ಲಿ ಎರಡು ಮಿನಿ ಟ್ರ್ಯಾಕ್ಟರ್ ಅಕ್ಕಪಕ್ಕ ನಿಂತಿದ್ದವು. ಕೆಂಪನೆಯದು ಕಿರಿದು, ಹಗುರ, ಎತ್ತರದ ಮೈ. ನೀಲಿಯದು ಅಗಲ, ತಗ್ಗು, ನಾಲ್ಕು ಚಕ್ರಕ್ಕೂ ಎಳೆತ. ಕೆಂಪನೆಯದನ್ನು ಬುಕ್ ಮಾಡಿ ಬಂದ ದಿನ ನನಗೆ ಊಟ ಸೇರಿರಲಿಲ್ಲ. ಮಾರನೆಯ ದಿನ ಫೋನ್ ಮಾಡಿ ನೀಲಿಯದು ಅಂದೆ. ವಾರ ಕಳೆದು ಮತ್ತೆ ಕೆಂಪು ಅಂದೆ. ಈಗ ಮತ್ತೆ ಇಲ್ಲಿ, ಮಂಡಿಯೂರಿ, ನೀಲಿಯದರ ಹಿಂಚಕ್ರದ ಅಗಲ ಅಳೆಯುತ್ತಿದ್ದೆ.

"ಹೆಣ್ಣು ನೋಡೋಕೆ ಬಂದೋರೂ ಇಷ್ಟು ಸಲ ಬರಲ್ಲ ಬಿಡ್ರಿ ಸಾರ್," ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ನನ್ನ ಅಕ್ಕ ಮಾತ್ರ ಜೋರಾಗಿ ನಕ್ಕಳು. ಅವಳು ನೀಲಿ ಟ್ರ್ಯಾಕ್ಟರಿನ ಸೀಟಿನ ಮೇಲೆ ಹತ್ತಿ ಕೂತು, ಪೇಪರಿನ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಿದ್ದಳು. ಅದಕ್ಕೂ ಮುಂಚೆ ಕೆಂಪನೆಯದರ ಮೇಲೆ ಕೂತಿದ್ದಳು. ಇವಳಿಗೆ ಇದು ಜಾತ್ರೆಯ ತೊಟ್ಟಿಲು ಎಂದು ನನಗೆ ಸಿಟ್ಟು ಬಂತು. ಟ್ರ್ಯಾಕ್ಟರ್ ಓಡಿಸುವವಳು ಅವಳು, ತಲೆ ಕೆಡಿಸಿಕೊಂಡವನು ನಾನು.

ನಮ್ಮ ಜಮೀನು ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಹತ್ತಿರ, ಗುಡ್ಡದ ಓರೆಯಲ್ಲಿದೆ. ಶಾಸನ ನೋಡಲು ಬ್ರಹ್ಮಗಿರಿಗೆ ಹೋಗುವವರು ದಾರಿ ಕೇಳಿದರೆ ನಮ್ಮ ಹೊಲದ ನೆತ್ತಿಯ ಬಂಡೆಯನ್ನೇ ಗುರುತು ಹೇಳುತ್ತೇವೆ. ಬುಡದಲ್ಲಿ ಶೇಂಗಾ, ಮೇಲೆ ಐದು ಹಂತಗಳಲ್ಲಿ ದಾಳಿಂಬೆ ಮತ್ತು ಸೀತಾಫಲ. ಹಂತ ಹಂತಕ್ಕೂ ಅಪ್ಪ ಕಟ್ಟಿದ ಕಲ್ಲಿನ ಒಡ್ಡು. ಅಪ್ಪ ಕಟ್ಟಿದ್ದು ಅನ್ನುತ್ತೇವೆ, ಆದರೆ ಅರ್ಧ ಕಲ್ಲು ಹೊತ್ತವಳು ಅಕ್ಕ. ನಾನು ಓದಿ ಮೇಷ್ಟ್ರಾಗಿ ಚಳ್ಳಕೆರೆ ಸೇರಿದೆ. ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ನೀವು ಆಗಿ ಏನ್ ಕಡ್ದು ಕಟ್ಟೆ ಹಾಕೀರಿ?" ಎಂದು ಕೇಳಿ ಕಳಿಸುತ್ತಾಳೆ. ಹೊಲ ಅವಳದು. ಶನಿವಾರ ಸಂಜೆ ಬಂದು ಭಾನುವಾರ ಸಂಜೆ ಹೋಗುವ ನಾನು ಅಲ್ಲಿ ನೆಂಟ.

ಒಡ್ಡುಗಳಲ್ಲಿ ಎತ್ತಿನ ಜೋಡಿ ದಾಟಲೆಂದು ಅಪ್ಪ ಐದಡಿಯ ಬಾಯಿ ಬಿಟ್ಟಿದ್ದರು. ಕೆಂಪು ಟ್ರ್ಯಾಕ್ಟರ್ ಆ ಬಾಯಿಯಲ್ಲಿ ಸಲೀಸಾಗಿ ನುಗ್ಗುತ್ತದೆ. ನೀಲಿಯದು ಹಿಂದೆ ಮಣ್ಣು ಪುಡಿ ಮಾಡುವ ರೋಟಾವೇಟರ್ ಕಟ್ಟಿದರೆ ಮೂರು ಬೆರಳು ಹೆಚ್ಚು. ಆ ಮೂರು ಬೆರಳು ನನ್ನ ನಿದ್ದೆ ಕೆಡಿಸಿದ್ದವು. ಅಪ್ಪನ ಒಡ್ಡನ್ನು ಒಡೆಯಲು ಮನಸ್ಸಿಲ್ಲ. ಆದರೆ ಕಿರಿದಾದ ಗಾಡಿ ಓರೆ ನೆಲದಲ್ಲಿ ಅಡ್ಡ ಹೋಗುವಾಗ ಮಗುಚಿದರೆ? ಅಕ್ಕಿ ಮೇಲಾಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ನನ್ನ ಪಾಡು ಅದೇ ಆಗಿತ್ತು.

ಕಂಡವರನ್ನೆಲ್ಲ ಕೇಳಿದೆ. ತಳುಕಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗೆಳೆಯ, "ಕೆಂಪನೇದೇ ತಗಳಲೇ, ಸಂದೀಲಿ ಗೊಂದೀಲಿ ನುಗ್ತೈತೆ" ಅಂದ. ಅವನ ಹೊಲ ಅಂಗೈಯಂತೆ ಸಪಾಟು. ಫೋನಿನಲ್ಲಿ ವಿಡಿಯೊ ನೋಡಿದರೆ, ಒಬ್ಬ ನೀಲಿಯದನ್ನು ಹೊಗಳುತ್ತಿದ್ದ, ಅದರ ಕೆಳಗೇ ಇನ್ನೊಬ್ಬ ತೆಗಳುತ್ತಿದ್ದ. ನಮ್ಮ ಪಕ್ಕದ ಹೊಲದವರು ರಾಯದುರ್ಗದ ಕಡೆಯಿಂದ ಬಂದು ನೆಲೆಸಿದ ಹಿರಿಯರು. ಅಕ್ಕನಿಗೆ ತಮ್ಮ ದೊಡ್ಡ ಟ್ರ್ಯಾಕ್ಟರಿನಲ್ಲಿ ಓಡಿಸುವುದನ್ನು ಕಲಿಸಿದವರೂ ಅವರೇ. "ಏಮೀ ಕಾದು, ಏನೂ ಆಗಲ್ಲ ಮೇಷ್ಟ್ರೇ. ಅಕ್ಕಯ್ಯ ಯಾವ್ದು ಕೊಟ್ರೂ ಓಡಿಸ್ತಾಳೆ. ನೀವು ಸುಮ್ಕಿದ್ರೆ ಸಾಕು," ಅಂದರು.

ಸುಮ್ಮನಿರುವುದು ನನ್ನಿಂದ ಯಾಕೆ ಆಗುತ್ತಿರಲಿಲ್ಲ ಎನ್ನುವುದನ್ನು ಅವರಿಗೆ ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಆರು ವರ್ಷದ ಹಿಂದೆ ಅಕ್ಕನಿಗೆ ಟಿಲ್ಲರ್ ಕೊಡಿಸಿದವನು ನಾನು. ನಡೆಯುತ್ತ ಓಡಿಸುವ ಗಾಡಿ ಅದು. ಎರಡು ಹಿಡಿಗಳಿಗೂ ಒಂದೊಂದು ಕ್ಲಚ್. ಎಡದ್ದನ್ನು ಒತ್ತಿದರೆ ಎಡಕ್ಕೆ, ಬಲದ್ದನ್ನು ಒತ್ತಿದರೆ ಬಲಕ್ಕೆ ತಿರುಗುತ್ತದೆ. ತಳುಕಿನ ಗೆಳೆಯನ ಹೊಲದಲ್ಲಿ ಅರ್ಧ ದಿನ ಓಡಿಸಿ, ಎಲ್ಲ ಕಲಿತೆ ಅಂದುಕೊಂಡು, ಅಕ್ಕನಿಗೆ ಪಾಠ ಹೇಳಿದೆ. ಮೂರನೆಯ ಹಂತದಿಂದ ಕೆಳಗಿಳಿಯುವಾಗ ಗಾಡಿ ಬಲಕ್ಕೆ, ಒಡ್ಡಿನ ಕಡೆಗೆ ವಾಲತೊಡಗಿತು. ನಾನು ಮೇಲೆ ನಿಂತಿದ್ದೆ. ಅಕ್ಕನ ಬಲಗೈ ಬೆರಳುಗಳು ಬಲದ ಕ್ಲಚ್ಚನ್ನು ಹಿಡಿಯುತ್ತಿದ್ದುದು ನನಗೆ ಕಾಣಿಸಿತು. ತಪ್ಪು ಮಾಡುತ್ತಿದ್ದಾಳೆ ಅಂದುಕೊಂಡೆ. "ಎಡದ್ದು! ಎಡದ್ದು ಒತ್ತೇ!" ಎಂದು ಕಿರುಚಿದೆ. ಅವಳು ಬಲಗೈ ಬಿಟ್ಟು ಎಡದ್ದನ್ನು ಒತ್ತಿದಳು. ಗಾಡಿ ಇನ್ನೂ ಬಲಕ್ಕೆ ನುಗ್ಗಿ, ಒಡ್ಡಿಗೆ ಬಡಿದು, ಅವಳ ಎಡಗಾಲಿನ ಮೇಲೆ ಮಗುಚಿತು.

ಎರಡು ತಿಂಗಳು ಚಿತ್ರದುರ್ಗದ ಆಸ್ಪತ್ರೆ. ಕಾಲು ಉಳಿಯಿತು, ಆದರೆ ಪಾದದ ಕೀಲು ಬಗ್ಗುವುದಿಲ್ಲ. ಗಾಡಿಯೇ ಸರಿಯಿಲ್ಲ ಎಂದು ನಾನು ಊರಿಗೆಲ್ಲ ಹೇಳಿದೆ, ಗುಜರಿಗೆ ಹಾಕಿದೆ. ಕೆಲವು ತಿಂಗಳ ಮೇಲೆ ಚಳ್ಳಕೆರೆಯ ಒಬ್ಬ ಮೆಕ್ಯಾನಿಕ್ ಮಾತಿಗೆ ಮಾತು ಬಂದು, "ಟಿಲ್ಲರ್ ಇಳಿಜಾರಲ್ಲಿ ಉಲ್ಟಾ ಸಾರ್. ಇಳಿಯೋವಾಗ ಎಡದ್ದು ಒತ್ತಿದ್ರೆ ಬಲಕ್ಕೆ ಹೋಗ್ತೈತೆ" ಅಂದ. ಅಂದರೆ ಅಕ್ಕನ ಕೈ ಸರಿಯಾದ ಹಿಡಿಯ ಮೇಲೇ ಇತ್ತು. ಅದನ್ನು ತೆಗೆಸಿದ್ದು ನನ್ನ ಬಾಯಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಕಡೆ. ನನ್ನ ಕುಣಿತಕ್ಕೆ ಮುರಿದದ್ದು ಬೇರೆಯವರ ಕಾಲು.

ಮನೆಯಲ್ಲಿ ಆ ಕಾಲಿನ ಮಾತು ಎತ್ತುವಂತಿರಲಿಲ್ಲ. ನೋವೈತಾ ಎಂದು ಯಾರಾದರೂ ಕೇಳಿದರೆ ಅಕ್ಕ ಎದ್ದು ಹೋಗುತ್ತಿದ್ದಳು. ಅದು ನನಗೂ ಅನುಕೂಲವೇ ಆಗಿತ್ತು, ನಿಜ ಹೇಳಬೇಕೆಂದರೆ.

ಷೋರೂಮಿನಲ್ಲಿ ನಾನು ಟೇಪ್ ಸುತ್ತಿಕೊಂಡು ಎದ್ದು, "ಇನ್ನೊಂದು ವಾರ ಟೈಮ್ ಕೊಡ್ರಿ" ಅಂದಾಗ ಸೇಲ್ಸ್‌ನವನ ಮುಖ ಬಾಡಿತು. ಅಕ್ಕ ಮಂಡಕ್ಕಿಯ ಪೊಟ್ಟಣ ಮುದುರಿ ಕೆಳಗಿಳಿದಳು.

"ಎರಡನ್ನೂ ನಮ್ಮ ಹೊಲಕ್ಕೆ ತರ್ತೀರಾ?" ಎಂದು ಅವನನ್ನು ಕೇಳಿದಳು.

"ಡೆಮೊ ಕೊಡ್ತೀವಿ ಅಕ್ಕಾರೆ. ನಮ್ ಡ್ರೈವರ್ರು ಗುಡ್ಡ ಹತ್ತಿಸಿ ತೋರಿಸ್ತಾನೆ."

"ಹತ್ತಿಸೋದು ಅವ್ನು ಹತ್ತಿಸ್ಲಿ. ಇಳಿಸೋದು ನಾನು."

ಅಕ್ಕ ಏನು ಮಾಡಹೊರಟಿದ್ದಾಳೆ ಎಂದು ಗೊತ್ತಾಯಿತು. ಅಪ್ಪ ಎತ್ತು ಕೊಳ್ಳುತ್ತಿದ್ದ ರೀತಿ ಅದು. ಸಂತೆಯಲ್ಲಿ ಹಲ್ಲು, ಸುಳಿ, ಗೊರಸು ನೋಡಿ ಒಪ್ಪಿಕೊಳ್ಳುವವರು ಬೇರೆ. ಅಪ್ಪ ಜೋಡಿಯನ್ನು ಗುಡ್ಡಕ್ಕೆ ಹೊಡೆದುಕೊಂಡು ಬಂದು, ನೊಗ ಹೂಡಿ, ನೆತ್ತಿಯಿಂದ ಬುಡದವರೆಗೆ ಐದೂ ಒಡ್ಡು ದಾಟಿಸಿ ಇಳಿಸುತ್ತಿದ್ದರು. "ಹತ್ತೋ ಎತ್ತು ಎಲ್ಲಾ ಕಡೆ ಸಿಗ್ತಾವೆ. ಇಳಿಯೋ ಎತ್ತು ನೋಡ್ಬೇಕು," ಅನ್ನುತ್ತಿದ್ದರು. ಎತ್ತು ಇಳಿಯುವಾಗ ಹಗ್ಗ ಹಿಡಿದವರ ಹೊರತು ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಎರಡು ದನಿ ಕೇಳಿದರೆ ಎತ್ತು ಕಾಲು ತಪ್ಪುತ್ತದೆ ಎಂಬುದು ಅಪ್ಪನ ನಂಬಿಕೆ. ಅದಕ್ಕೆ ಅಕ್ಕನನ್ನೂ ನನ್ನನ್ನೂ ಒಡ್ಡಿನ ಮೇಲೆ ಕೂರಿಸಿ ಇಬ್ಬರ ಬಾಯಿಗೂ ಒಂದೊಂದು ಬೆಲ್ಲದ ಚೂರು ಹಾಕುತ್ತಿದ್ದರು. ಅಗಿಯಬಾರದು, ಉಗುಳಬಾರದು, ಮಾತಾಡಬಾರದು. ಎತ್ತು ಬುಡ ಮುಟ್ಟಿದ ಮೇಲೆ, "ಬಾಯಿ ತೆಗೀರಿ ನೋಡೋಣ" ಎಂದು ಪರೀಕ್ಷೆ ಮಾಡುತ್ತಿದ್ದರು. ನಾನು ಪ್ರತಿ ಸಲ ಅಗಿದುಬಿಡುತ್ತಿದ್ದೆ. ಅಕ್ಕನ ನಾಲಿಗೆಯ ಮೇಲೆ ಚೂರು ಇನ್ನೂ ಉಳಿದಿರುತ್ತಿತ್ತು.

ಭಾನುವಾರ ಬೆಳಗ್ಗೆ ಎರಡೂ ಟ್ರ್ಯಾಕ್ಟರ್, ರೋಟಾವೇಟರ್ ಇಲ್ಲದೆ, ಲಾರಿಯಲ್ಲಿ ಬಂದವು. ಪಕ್ಕದ ಹೊಲದ ಹಿರಿಯರೂ ಬಂದರು. ಷೋರೂಮಿನ ಡ್ರೈವರ್ ಮೊದಲು ಕೆಂಪನೆಯದನ್ನು, ಆಮೇಲೆ ನೀಲಿಯದನ್ನು ನೆತ್ತಿಯ ಬಂಡೆಯವರೆಗೆ ಹತ್ತಿಸಿದ. ಎರಡೂ ಗುಡುಗುಡು ಹತ್ತಿದವು. ಸೇಲ್ಸ್‌ನವನು ನನ್ನ ಕಡೆ ನೋಡಿ ಹೆಮ್ಮೆಯಿಂದ ಕೈ ತಿರುಗಿಸಿದ. ಹತ್ತುವುದರಲ್ಲಿ ಯಾವ ವ್ಯತ್ಯಾಸವೂ ಕಾಣಿಸಲಿಲ್ಲ.

"ಅಕ್ಕ, ಡ್ರೈವರ್ರೇ ಇಳಿಸ್ಲಿ. ನಾವು ನೋಡೋಣ," ಅಂದೆ.

"ನಾಳೆಯಿಂದ ಅವ್ನು ಬಂದು ಉಳ್ತಾನಾ?"

"ನೀನು ಆಮೇಲೆ ನಿಧಾನಕ್ಕೆ..."

"ಬಾಯಿ ತೆಗಿ," ಅಂದಳು. ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದು, ನಲವತ್ತೈದು ದಾಟಿದ ಮೇಷ್ಟ್ರ ಬಾಯಿಗೆ ಎಲ್ಲರೆದುರು ಹಾಕಿದಳು. ಸೇಲ್ಸ್‌ನವನು ಬೇರೆ ಕಡೆ ತಿರುಗಿ ನಕ್ಕ. ಅಕ್ಕ ಕುಂಟುತ್ತ ಗುಡ್ಡ ಹತ್ತಿದಳು. ನಾನು ಮೂರನೆಯ ಹಂತದಲ್ಲಿ, ಒಡ್ಡಿನ ಮೇಲೆ ಕೂತೆ. ಬೇಕೆಂದೇ ಅಲ್ಲಿ ಕೂರಲಿಲ್ಲ. ಕಾಲು ಅಲ್ಲಿಗೇ ಕರೆದುಕೊಂಡು ಹೋದವು.

ಮೊದಲು ಕೆಂಪನೆಯದು. ನೆಟ್ಟಗೆ ಇಳಿಯುವುದಾದರೆ ಭಯವಿರಲಿಲ್ಲ. ಆದರೆ ನಮ್ಮ ಹೊಲದಲ್ಲಿ ಉಳುವುದು ಗುಡ್ಡಕ್ಕೆ ಅಡ್ಡಲಾಗಿ. ನೆಟ್ಟಗೆ ಉತ್ತರೆ ಒಂದೇ ಮಳೆಗೆ ಮಣ್ಣೆಲ್ಲ ಬುಡಕ್ಕೆ ಹೋಗುತ್ತದೆ. ಹಾಗಾಗಿ ಅಕ್ಕ ಪ್ರತಿ ಹಂತದಲ್ಲೂ ಅಡ್ಡ ಓಡಿಸಿ, ಒಡ್ಡಿನ ಬಾಯಿಯಲ್ಲಿ ಇಳಿದು, ಮತ್ತೆ ಅಡ್ಡ ಬರುತ್ತಿದ್ದಳು. ಮೊದಲ ಹಂತ ಸರಿಹೋಯಿತು. ಎರಡನೆಯದರಲ್ಲಿ ಗಾಡಿ ಒಂದು ಸಲ ಮೈ ಅಲುಗಿಸಿತು. ಮೂರನೆಯ ಹಂತಕ್ಕೆ ಬಂದು ಅಡ್ಡ ತಿರುಗಿದಳು. ನಾನು ಕೂತಿದ್ದ ಜಾಗಕ್ಕೆ ಇಪ್ಪತ್ತು ಮಾರು ದೂರವಿರುವಾಗ ಮೇಲ್ಗಡೆಯ ಹಿಂಚಕ್ರ ಮಣ್ಣಿನಲ್ಲಿ ಹುದುಗಿದ್ದ ಕಲ್ಲಿನ ಮೇಲೆ ಏರಿತು. ಗಾಡಿ ಕೆಳಗಡೆಗೆ ವಾಲಿತು. ಕಲ್ಲು ದಾಟಿದ ಮೇಲೂ ಆ ಚಕ್ರ ನೆಲ ಮುಟ್ಟಲಿಲ್ಲ. ಗಾಳಿಯಲ್ಲೇ ತಿರುಗುತ್ತಿತ್ತು.

"ಮೇಲಕ್ಕೆ! ಮೇಲಕ್ಕೆ ತಿರುಗ್ಸೇ ಅಕ್ಕಾ!"

ಬೆಲ್ಲ ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನು ಎದ್ದು ನಿಂತು ಎರಡೂ ಕೈ ಬೀಸಿ ಕಿರುಚುತ್ತಿದ್ದೆ. ಅಕ್ಕ ನನ್ನನ್ನು ನೋಡಿದಳು. ನೋಡಿದ್ದು ನಿಜ, ಕಣ್ಣಿಗೆ ಕಣ್ಣು ಸೇರಿತು. ಆಮೇಲೆ ಸ್ಟೀರಿಂಗನ್ನು ಕೆಳಗಡೆಗೆ, ಬೀಳುವ ಕಡೆಗೇ ತಿರುಗಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಹೇಡಿಯ ಹಾಗೆ ಮುಚ್ಚಿಕೊಂಡೆ.

ಸದ್ದು ಬರಲಿಲ್ಲ. ಇಂಜಿನ್ನಿನ ಗುಡುಗುಡು ಹಾಗೇ ಇತ್ತು. ಕಣ್ಣು ಬಿಟ್ಟಾಗ ಗಾಡಿ ನೆಟ್ಟಗೆ ಇಳಿಜಾರಿಗೆ ಮುಖ ಮಾಡಿ, ನಾಲ್ಕೂ ಚಕ್ರ ನೆಲಕ್ಕೆ ಊರಿ ಮೆಲ್ಲಗೆ ಇಳಿಯುತ್ತಿತ್ತು. ಒಡ್ಡಿನ ಹತ್ತಿರ ನಿಲ್ಲಿಸಿ ಇಂಜಿನ್ ಆರಿಸಿದಳು. ಪಕ್ಕದ ಹೊಲದ ಹಿರಿಯರು ಓಡಿ ಬಂದು, ಏದುಸಿರು ಬಿಡುತ್ತ, "ಅದೇ ಸರಿ ಅಕ್ಕಯ್ಯ. ಮೇಲಕ್ಕೆ ತಿರುಗಿಸಿದ್ರೆ ಮಗುಚಿ ಬೀಳ್ತಿತ್ತು," ಅಂದರು. ನಾನು ಹೇಳಿದ್ದನ್ನೇ ಮಾಡಿದ್ದರೆ ಅವಳು ಈಗ ಗಾಡಿಯ ಕೆಳಗೆ ಇರುತ್ತಿದ್ದಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ.

ಅಕ್ಕ ಇಳಿದು ನನ್ನ ಮುಂದೆ ಬಂದು ನಿಂತಳು.

"ಬೆಲ್ಲ ಎಲ್ಲಿ?"

"ಬಿತ್ತು."

"ಅವತ್ತೂ ನೀನು ಇಲ್ಲೇ ನಿಂತು ಕೂಗಿದ್ದೆ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ನಾನು ನಿನ್ ಮಾತು ಕೇಳ್ದೆ."

ನಾನು ಹೇಳಲು ಬಾಯಿ ತೆರೆದೆ. ಅವಳು ಕಾಯಲಿಲ್ಲ. ಸೆರಗಿನಿಂದ ಇನ್ನೊಂದು ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಈ ಸಲ ನೀನೇ ಹಾಕ್ಕೋ," ಎಂದು ಹೇಳಿ ಮತ್ತೆ ಗುಡ್ಡ ಹತ್ತಿದಳು. ಸೇಲ್ಸ್‌ನವನ ಮುಖದಲ್ಲಿ ಈಗ ನಗು ಇರಲಿಲ್ಲ. "ಅಕ್ಕಾರೆ, ಇವತ್ತಿಗೆ ಸಾಕ್ರಿ" ಎಂದು ಅವಳ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟ.

ನೀಲಿಯದು ನೆತ್ತಿಯಿಂದ ಹೊರಟಿತು. ಒಂದನೆಯ ಹಂತ. ಎರಡನೆಯದು. ನಾನು ಬೆಲ್ಲವನ್ನು ಅಂಗುಳಕ್ಕೆ ಒತ್ತಿ ಹಿಡಿದಿದ್ದೆ. ಒಂದು ಸಲ ಕ್ಲಚ್ ಒತ್ತುವಾಗ ಅಕ್ಕ ಎಡ ತೊಡೆಯನ್ನೇ ಎತ್ತಿ ಇಡೀ ಕಾಲನ್ನು ಕೆಳಗೆ ತಳ್ಳಿದ್ದನ್ನು ಕಂಡೆ. ಎರಡು ತಿಂಗಳಿಂದ ಚಕ್ರ ಅಳೆದಿದ್ದೆ, ತೂಕ ಬರೆದುಕೊಂಡಿದ್ದೆ, ಒಡ್ಡಿನ ಬಾಯಿ ಅಳೆದಿದ್ದೆ. ಆ ಪೆಡಲನ್ನು ಬಗ್ಗದ ಪಾದದಿಂದ ಒತ್ತಲು ಆಗುತ್ತದೋ ಇಲ್ಲವೋ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಕೇಳಿದರೆ ಆ ಕಾಲಿನ ಮಾತು ಬರುತ್ತದಲ್ಲ, ಅದಕ್ಕೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮೂರನೆಯ ಹಂತದಲ್ಲಿ ಅದೇ ದಾರಿ, ಅದೇ ಕಲ್ಲು. ಚಕ್ರ ಏರಿತು. ಗಾಡಿ ವಾಲಿತು. ನನ್ನ ಹೊಟ್ಟೆಯೊಳಗಿನಿಂದ ಕೂಗು ಎದ್ದು ಬಂದು ಹಲ್ಲಿನ ಹಿಂದೆ ನಿಂತಿತು. ಬೆಲ್ಲದ ಮೇಲೆ ನಾಲಿಗೆ ಒತ್ತಿದೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕಣ್ಣು ಮಾತ್ರ ಈ ಸಲ ಮುಚ್ಚಲಿಲ್ಲ. ಚಕ್ರ ಕಲ್ಲು ದಾಟಿ ಧೊಪ್ಪನೆ ನೆಲ ಹಿಡಿಯಿತು. ಅಕ್ಕ ನನ್ನ ಮುಂದೆಯೇ ಹಾದು, ಒಡ್ಡಿನ ಬಾಯಿಯಲ್ಲಿ ಇಳಿದು ನಾಲ್ಕನೆಯ ಹಂತಕ್ಕೆ ಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಐದನೆಯದೂ ಮುಗಿಸಿ ಶೇಂಗಾ ಹೊಲದ ಅಂಚಿನಲ್ಲಿ ನಿಲ್ಲಿಸಿದಳು.

ನಾನು ಇಳಿದು ಹೋದೆ. ಅವಳು ಸೀಟಿನ ಮೇಲೆಯೇ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಬಾಯಿ ತೆಗಿ ನೋಡೋಣ," ಅಂದಳು.

ತೆಗೆದೆ. ಚೂರು ಇನ್ನೂ ಇತ್ತು, ಕಾಳಿನಷ್ಟು. ಜೀವಮಾನದಲ್ಲಿ ಮೊದಲ ಸಲ.

"ಪಾಸು. ಈಗ ಮಾತಾಡು."

ಯಾವ ಟ್ರ್ಯಾಕ್ಟರ್ ಎಂದು ನಾನು ಹೇಳುತ್ತೇನೆ ಅಂದುಕೊಂಡು ಸೇಲ್ಸ್‌ನವನು ಹತ್ತಿರ ಬಂದ. ನಾನು ಅವನ ಕಡೆ ನೋಡಲಿಲ್ಲ.

"ಅವತ್ತು ನಿನ್ನ ಕೈ ಸರಿಯಾದ ಹಿಡಿ ಮೇಲೇ ಇತ್ತು ಅಕ್ಕ. ನಾನು ನೋಡಿದ್ದೆ. ನಾನು ಕೂಗಿದ್ದಕ್ಕೆ ನೀನು ತೆಗ್ದೆ. ಗಾಡಿದೇನೂ ತಪ್ಪಿರ್ಲಿಲ್ಲ."

ಅಕ್ಕ ಸ್ಟೀರಿಂಗಿನ ಮೇಲೆ ಬೆರಳಾಡಿಸಿದಳು.

"ಗೊತ್ತು. ಎರಡು ತಿಂಗಳು ಆಸ್ಪತ್ರೇಲಿ ಮಲಗಿದ್ದೋಳಿಗೆ ಅದನ್ನ ಬಿಟ್ಟು ಬೇರೆ ಏನ್ ಯೋಚ್ನೆ ಇತ್ತು? ನೀನು ಬಂದು ಹೇಳ್ತೀಯ ಅಂತ ನೋಡ್ತಿದ್ದೆ. ನೀನು ಕಿತ್ತಳೆಹಣ್ಣು ತರ್ತಿದ್ದೆ, ಗಾಡೀನ ಬೈತಿದ್ದೆ, ಹೋಗ್ತಿದ್ದೆ."

ನಾನು ಅತ್ತುಬಿಟ್ಟೆ ಎಂದು ಹೇಳಲು ನಾಚಿಕೆಯೇನಿಲ್ಲ. ಮೂರು ಜನ ಹೊರಗಿನವರ ಎದುರೇ ಅತ್ತೆ. ಪಕ್ಕದ ಹೊಲದ ಹಿರಿಯರು ಸೇಲ್ಸ್‌ನವನನ್ನೂ ಡ್ರೈವರನ್ನೂ ಲಾರಿಯ ಕಡೆ ಕರೆದುಕೊಂಡು ಹೋದರು.

"ಕ್ಲಚ್ಚು ಕಾಲಿಗೆ ಆಗುತ್ತಾ?" ಎಂದು ಕೇಳಿದೆ. ಆರು ವರ್ಷದಲ್ಲಿ ಆ ಕಾಲಿನ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಎದ್ದು ಹೋಗಲಿಲ್ಲ.

"ಹಿಮ್ಮಡಿ ಊರಿ ಒತ್ತಿದ್ರೆ ಆಗ್ತೈತೆ. ಕೆಂಪನೇದ್ರಲ್ಲಿ ಪೆಡ್ಲು ಎತ್ತರ, ದಿನವಿಡೀ ಒತ್ತೋಕಾಗಲ್ಲ. ಷೋರೂಮಲ್ಲೇ ಎರಡರ ಮೇಲೂ ಕೂತು ನೋಡಿದ್ನಲ್ಲ, ನೀನು ಟೇಪು ಹಿಡ್ಕೊಂಡು ಬಗ್ಗಿದ್ದಾಗ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳ್ದೆ?"

ಒಡ್ಡಿನ ಬಾಯಿ ಮೂರು ಬೆರಳು ಸಾಲದು ಎಂದು ಇಷ್ಟು ದಿನ ಒದ್ದಾಡಿದ್ದೆನಲ್ಲ, ಅದಕ್ಕೂ ಅವಳ ಹತ್ತಿರ ಉತ್ತರವಿತ್ತು. "ಒಂದೊಂದು ಒಡ್ಡಿಗೆ ನಾಲ್ಕು ಕಲ್ಲು ತೆಗೆದ್ರೆ ಆತು. ಅವನ್ನ ಅಲ್ಲಿ ಇಟ್ಟೋಳೇ ನಾನು." ಸೀಟಿನಿಂದ ಇಳಿಯಲು ನನ್ನ ಹೆಗಲಿಗೆ ಕೈ ಊರಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಯಾರ ಹೆಗಲಿಗೂ ಕೈ ಊರಿದ್ದನ್ನು ನಾನು ನೋಡಿರಲಿಲ್ಲ.

"ನೀಲಿದು ಅಂತ ಹೇಳು ಹೋಗು ಅವ್ನಿಗೆ. ಪಾಪ, ಕಾಯ್ತಾ ಅವ್ನೆ."

ನಾನು ಲಾರಿಯ ಹತ್ತಿರ ಹೋಗಿ ಹೇಳಿದೆ. ಅವನು ನನ್ನನ್ನು ನಂಬದೆ, ನನ್ನ ಹೆಗಲಾಚೆ ಅಕ್ಕನ ಕಡೆ ನೋಡಿದ. ಅವಳು ಅಲ್ಲಿಂದಲೇ ತಲೆ ಆಡಿಸಿದ ಮೇಲೆ ಬರೆದುಕೊಂಡ.